ಆಯಿ ವಾಪಸ್ ಕಳಿಸಿದ ಕಾದಂಬರಿ

ನಮ್ಮ ಮನೆಯಲ್ಲಿ ಅಪ್ಪ ದುಡಿಯುತ್ತಾನೆ, ಅವ್ವ ಅಡುಗೆ ಮಾಡುತ್ತಾಳೆ, ಸರಕಾರ ನಡೆಸುವವಳು ಆಯಿ. ಆಯಿ ಅಂದರೆ ಅಪ್ಪನ ತಾಯಿ. ತವರು ಐಗಳಿ. ಎತ್ತರ ಇಷ್ಟೇ ಇಷ್ಟು, ದನಿ ಮಾತ್ರ ಚಿಕ್ಕೋಡಿ ರಸ್ತೆಯ ಲಾರಿ ಹಾರ್ನಿನಷ್ಟು. ಆಯಿ ಅಂಗಳದಲ್ಲಿ ನಿಂತು ಕೆಮ್ಮಿದರೆ ಪಕ್ಕದ ಗಲ್ಲಿಯ ನಾಯಿ ಎದ್ದು ಜಾಗ ಬದಲಿಸುತ್ತದೆ.

ಹೋದ ಬೇಸಿಗೆಯಲ್ಲಿ ಅಕ್ಕ ಹತ್ತನೇ ಇಯತ್ತೆಯಲ್ಲಿ ಫಸ್ಟ್ ಕ್ಲಾಸ್ ಪಾಸಾದಳು. ಆಯಿ ಗಲ್ಲಿಗೆಲ್ಲ ಪೇಢೆ ಹಂಚಿದಳು. ಕಡೆಯ ಪೇಢೆಯನ್ನು ತನ್ನ ಬಾಯಿಗೆ ಹಾಕಿಕೊಂಡು, ಅದು ಕರಗುವ ಮೊದಲೇ ಹೇಳಿದಳು:

“ಚಲೋ ಆತು. ಸಾಲಿ ಮುಗೀತು. ದೀಪಾವಳಿ ಆದಮ್ಯಾಲ ಐಗಳಿಗೆ ಲಗ್ನಾ ಮಾಡಿ ಕೊಟ್ಟ ಬಿಡೂನು.”

ಐಗಳಿಯ ವರ ಆಯಿಯ ಅಣ್ಣನ ಮೊಮ್ಮಗ. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಹೊಲ ಇದೆ, ಎಮ್ಮೆಗಳಿವೆ, ಮೀಸೆ ಇದೆ. ಮೂರರಲ್ಲಿ ಅವನು ಹೆಚ್ಚು ಎಣ್ಣೆ ಹಚ್ಚಿ ಸಾಕಿದ್ದು ಮೀಸೆಯನ್ನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಶಾಲೆಯೇ ತನ್ನನ್ನು ಬಿಟ್ಟಿತು ಅಂತ ಅವನೇ ನಗುತ್ತಾ ಹೇಳಿಕೊಳ್ಳುತ್ತಿದ್ದ.

ಅಕ್ಕನಿಗೆ ಚಿಕ್ಕೋಡಿ ಕಾಲೇಜಿಗೆ ಹೋಗಬೇಕಿತ್ತು. ಅದನ್ನು ಅವಳು ಆಯಿಯ ಹತ್ತಿರ ಒಂದೇ ಒಂದು ಸಲ ಕೇಳಿದಳು. ಆಯಿ, “ಬಸ್ಸಿನಾಗ ಗಂಡಹುಡುಗರ ಜೋಡಿ ಜೋತಬಿದ್ದು ಹೋಗೂದು ಬ್ಯಾಡ” ಅಂದಳು. ಅಕ್ಕ ಮತ್ತೆ ಕೇಳಲಿಲ್ಲ. ಅವಳು ಅಳುವುದೂ ಇಲ್ಲ. ದುಃಖವಾದರೆ ಪಾತ್ರೆ ತಿಕ್ಕುತ್ತಾಳೆ. ಆ ವಾರ ನಮ್ಮ ತಾಮ್ರದ ತಂಬಿಗೆ ಎಷ್ಟು ತಿಕ್ಕಿಸಿಕೊಂಡಿತು ಅಂದರೆ, ಇನ್ನೆರಡು ದಿನ ಬಿಟ್ಟಿದ್ದರೆ ಅದರ ಆಚೆ ಕೂತ ಬೆಕ್ಕು ಈಚೆಗೆ ಕಾಣುತ್ತಿತ್ತು.

ಅಪ್ಪ ಸರಕಾರಿ ಬಸ್ಸಿನ ಡ್ರೈವರ್. ಅಷ್ಟು ದೊಡ್ಡ ಬಸ್ಸನ್ನು ಘಾಟಿನಲ್ಲಿ ತಿರುಗಿಸುತ್ತಾನೆ, ಆಯಿಯನ್ನು ತಿರುಗಿಸಲಾರ. “ನೋಡೂನು, ನೋಡೂನು” ಅಂದು ಡ್ಯೂಟಿಗೆ ಹೊರಟುಹೋದ. ಅವ್ವ ಆಯಿಯ ಎದುರು ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಹೀಗಾಗಿ ಅಕ್ಕನ ಕಾಲೇಜಿನ ಭಾರ ಯಾರ ಹೆಗಲಿಗೆ ಬಂತು? ನನ್ನ ಹೆಗಲಿಗೆ. ಆಗ ನಾನು ಒಂಬತ್ತನೇ ಇಯತ್ತೆ ಮುಗಿಸಿದ್ದೆ, ಆದ್ದರಿಂದ ಜಗತ್ತಿನಲ್ಲಿ ತಿಳಿಯದ್ದು ಏನೂ ಉಳಿದಿರಲಿಲ್ಲ. ಜೊತೆಗೆ ಸ್ವಲ್ಪ ಸ್ವಾರ್ಥವೂ ಇತ್ತು. ಅಕ್ಕನಿಗೆ ಬಾಗಿಲು ಮುಚ್ಚಿದರೆ ಮುಂದಿನ ವರ್ಷ ಅದೇ ಬಾಗಿಲಿಗೆ ನನ್ನ ಮೂಗು ಬಡಿಯುತ್ತಿತ್ತು.

ಉಪಾಯ ಕೊಟ್ಟಿದ್ದು ಇತಿಹಾಸದ ಮಾಸ್ತರು. ಕೊಟ್ಟದ್ದು ಅವರಿಗೇ ಗೊತ್ತಿಲ್ಲ. ಹತ್ತೊಂಬತ್ತನೇ ಶತಮಾನದ ಪಾಠದಲ್ಲಿ ಅವರು ಹೇಳಿದ್ದರು: ಆ ಕಾಲದಲ್ಲಿ ಜನ ಕಥೆ, ಕಾದಂಬರಿ, ನಾಟಕ ಬರೆದರು, ಅವನ್ನು ಓದಿ ಸಮಾಜ ಬದಲಾಯಿತು, ಹೆಣ್ಣುಮಕ್ಕಳ ಶಾಲೆಗಳು ಶುರುವಾದವು, ವಿಧವೆಯರ ಮದುವೆಗಳಾದವು. ನಾನು ಲೆಕ್ಕ ಹಾಕಿದೆ. ಒಂದು ಕಾದಂಬರಿಯಿಂದ ಇಡೀ ಸಮಾಜ ಬದಲಾಗುವುದಾದರೆ, ಒಬ್ಬ ಆಯಿ ಬದಲಾಗುವುದು ಯಾವ ದೊಡ್ಡ ಮಾತು? ಅರ್ಧ ಕಾದಂಬರಿಯೇ ಸಾಕು.

ಕಾದಂಬರಿ ಮನೆಯಲ್ಲೇ ಇತ್ತು. ಜನವರಿಯಲ್ಲಿ ಭಾಷಣ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಉಳಿದವರು ಮಾತು ಮರೆತು ನಿಂತರು; ನಾನೂ ಮರೆತೆ, ಆದರೆ ನಿಲ್ಲಲಿಲ್ಲ. ಬಹುಮಾನವೆಂದು ಶಾಲೆಯ ಕಪಾಟಿನಿಂದ ಒಂದು ದಪ್ಪ ಹಳೆಯ ಪುಸ್ತಕ ಕೊಟ್ಟಿದ್ದರು. ನೂರು ವರ್ಷದ ಹಿಂದಿನ ಕಾದಂಬರಿ. ಅದರ ಹೆಸರು ಎಷ್ಟು ಉದ್ದವಿತ್ತೆಂದರೆ ಒಂದು ಸಾಲಿನಲ್ಲಿ ಹಿಡಿಸದೆ ಎರಡನೇ ಸಾಲಿಗೆ ಇಳಿದು ದಣಿವಾರಿಸಿಕೊಂಡಿತ್ತು. ಆ ಹೆಸರಿನಲ್ಲಿ ‘ಸ್ತ್ರೀ’ ಅನ್ನುವುದೂ ಇತ್ತು, ‘ವಿದ್ಯೆ’ ಅನ್ನುವುದೂ ಇತ್ತು. ನನಗೆ ಅಷ್ಟು ಸಾಕಾಯಿತು.

ಓದಿ ಹೇಳಲು ಜಾಗ ಹುಡುಕಬೇಕಾಗಿರಲಿಲ್ಲ. ನಿಪ್ಪಾಣಿ ಸುತ್ತಿನ ಎಲ್ಲ ಊರುಗಳಂತೆ ನಮ್ಮೂರಲ್ಲೂ ಮಧ್ಯಾಹ್ನವಾದರೆ ಹೆಂಗಸರು ಬೀಡಿ ಕಟ್ಟಲು ಕೂಡುತ್ತಾರೆ. ನಮ್ಮ ಮನೆಯ ಕಟ್ಟೆ ಅಗಲ, ಬೇವಿನ ನೆರಳು ಬೇರೆ. ಹಾಗಾಗಿ ಗಲ್ಲಿಯವರೆಲ್ಲ ಅಲ್ಲೇ. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ ಮತ್ತು ತಂಬಾಕು. ಕೈಗಳು ತಾವೇ ಕೆಲಸ ಮಾಡುತ್ತವೆ, ಕಣ್ಣು ಬೇಕಾಗಿಲ್ಲ. ಕಿವಿ, ಬಾಯಿ ಎರಡೂ ಖಾಲಿ. ಹಿಂದೆಲ್ಲ ಆ ಖಾಲಿ ಕಿವಿಗಳಿಗೆ ನಮ್ಮ ಊರಿನವರದೇ ಸುದ್ದಿ ಬೀಳುತ್ತಿತ್ತು. ನಾನು ಪುಸ್ತಕ ಹಿಡಿದು ಕೂತ ದಿನ ಊರಿನ ಎಷ್ಟೋ ಮನೆತನಗಳ ಮಾನ ಉಳಿಯಿತು.

“ಏನ ಬೇ ಅದು, ಪುರಾಣೇನ?” ಅಂದಳು ಆಯಿ.

“ಪುರಾಣ ಅಲ್ಲ ಆಯಿ, ಕಾದಂಬರಿ. ಸಮಾಜ ಸುಧಾರಣಾ ಮಾಡೂದು. ಹಿಂದಕ ಇಂಥಾವು ಓದೇ ವಿಧವಾ ಹೆಣ್ಣಮಕ್ಕಳಿಗಿ ಲಗ್ನಾ ಮಾಡಾಕ ಚಾಲೂ ಮಾಡಿದ್ರಂತ.”

ಎದುರುಮನೆ ಕಾಕು ಬೀಡಿಗೆ ದಾರ ಸುತ್ತುತ್ತಲೇ ನಕ್ಕಳು. ಕಾಕುವಿನ ಮೊದಲ ಗಂಡ ತೀರಿಹೋಗಿ, ಅವರ ಜಾತಿಯ ಪದ್ಧತಿಯಂತೆ ಉಡಿಕೆ ಮಾಡಿಕೊಟ್ಟಿದ್ದರು. ಈಗಿನವನು ಎರಡನೆಯ ಗಂಡ.

“ನನಗ ಉಡಿಕಿ ಮಾಡಾಕ ಯಾ ಪುಸ್ತಕಾನೂ ಬೇಕಾಗಲಿಲ್ಲವಾ. ನಾಕ ಮಂದಿ ಹಿರೇರು ಕುಂತ್ರು, ಒಂದ ಸೀರಿ ತಂದ್ರು, ಸಂಜೀಕ ಮುಗೀತು. ಇಷ್ಟ ದಪ್ಪ ಪುಸ್ತಕಾ ಯಾಕ ಬರದ್ರ ಅವರು?”

“ಅವರು ಶಾಣ್ಯಾ ಮಂದಿ ಕಾಕೂ,” ಅಂದಳು ಅವ್ವ, ಆಯಿಗೆ ಕೇಳದಂತೆ ಮೆಲ್ಲಗೆ. “ಶಾಣ್ಯಾರಿಗಿ ಎಲ್ಲಾದಕೂ ತಡಾ ಆಗತದ.”

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಅಯ್ಯೋ, ಆ ಭಾಷೆ! ಒಂದು ವಾಕ್ಯ ಹೊರಟರೆ ನಿಪ್ಪಾಣಿಯಲ್ಲಿ ಹತ್ತಿ ಅಥಣಿಯಲ್ಲಿ ಇಳಿಯುತ್ತಿತ್ತು. ನಡುವೆ ಯಾವ ಸ್ಟಾಪೂ ಇಲ್ಲ. ಅದು ಮುಗಿಯುವಷ್ಟರಲ್ಲಿ ಅವ್ವ ಒಂದು ಕಟ್ಟು ಬೀಡಿ ಕಟ್ಟಿ ಪಕ್ಕಕ್ಕಿಟ್ಟಿರುತ್ತಿದ್ದಳು. ಹಾಗಾಗಿ ನಾನು ಕಣ್ಣಿನಿಂದ ಪುಸ್ತಕದ ಭಾಷೆ ಓದಿ ಬಾಯಿಂದ ನಮ್ಮ ಭಾಷೆ ಬಿಡತೊಡಗಿದೆ. ಕಥೆ ಚೆನ್ನಾಗಿಯೇ ಶುರುವಾಯಿತು. ಒಂದು ದೊಡ್ಡ ಮನೆ, ಒಬ್ಬ ಅತ್ತೆ, ಹೊಸದಾಗಿ ಬಂದ ಸೊಸೆ. ಗಂಡ ಪಟ್ಟಣದಲ್ಲಿ ಕಲಿತವನು, ಸೊಸೆಗೆ ಗುಟ್ಟಾಗಿ ಅಕ್ಷರ ಕಲಿಸುತ್ತಾನೆ. ಹೆಂಗಸರ ಕೈ ನಿಧಾನವಾಯಿತು. ನನ್ನ ಎದೆ ಉಬ್ಬಿತು.

ಹತ್ತು ಪುಟದ ನಂತರ ನನ್ನ ಕಾಲ ಕೆಳಗಿನ ಕಟ್ಟೆ ಜಾರಿತು. ಅಕ್ಷರ ಕಲಿತ ಸೊಸೆ ಕೂತು ಓದುತ್ತಿದ್ದಾಳೆ, ಒಲೆಯ ಮೇಲಿನ ಅನ್ನ ಸೀದುಹೋಗುತ್ತದೆ. ಮುಂದಿನ ಪುಟದಲ್ಲಿ ಹಾಲು ಒಡೆಯುತ್ತದೆ. ಅದರ ಮುಂದಿನ ಪುಟದಲ್ಲಿ ಅತ್ತೆಗೆ ಕಾಯಿಲೆ. ಪ್ರತಿಯೊಂದಕ್ಕೂ ಬರೆದವನು ಕಥೆ ನಿಲ್ಲಿಸಿ, ಕೋಲು ಊರಿಕೊಂಡು ಮುಂದೆ ಬಂದು, ಹೆಂಗಸಿನ ಕೈಗೆ ಪುಸ್ತಕ ಕೊಟ್ಟರೆ ಹೀಗೇ ಆಗುವುದು ಅಂತ ಉಪದೇಶ ಮಾಡುತ್ತಾನೆ. ಹೆಸರಿನಲ್ಲಿ ಸ್ತ್ರೀಯೂ ವಿದ್ಯೆಯೂ ಇದ್ದದ್ದು ಇಬ್ಬರನ್ನೂ ಪರಸ್ಪರ ದೂರ ಇಡಿ ಅನ್ನುವುದಕ್ಕೆ! ನಾನು ಔಷಧಿ ಎಂದು ತಂದದ್ದು ಆಯಿಯ ಕಾಯಿಲೆಯನ್ನೇ ಹೆಚ್ಚಿಸುವ ಪೇಢೆಯಾಗಿತ್ತು.

“ಯಾಕ ನಿಂತಿ? ಅನ್ನಾ ಏನಾತು?” ಅಂದಳು ಆಯಿ.

“ಅನ್ನಾ... ಅನ್ನಾ ಭಾಳ ಚಲೋ ಆತು ಆಯಿ,” ಅಂದೆ. “ಹೂವಿನಂಗ ಅರಳಿತು.”

ಅಲ್ಲಿಂದ ಮುಂದೆ ಪುಸ್ತಕದ್ದು ಅದರ ದಾರಿ, ನನ್ನದು ನನ್ನ ದಾರಿ. ಪುಟ ಮಾತ್ರ ಕ್ರಮವಾಗಿ ತಿರುವುತ್ತಿದ್ದೆ. ಕೆಲಸದಲ್ಲಿ ಶಿಸ್ತು ಬೇಕು. ಪುಸ್ತಕದಲ್ಲಿ ಅತ್ತೆ ಸೊಸೆಯ ಅಲಕ್ಷ್ಯದಿಂದ ಹಾಸಿಗೆ ಹಿಡಿದರೆ, ನನ್ನ ಕಥೆಯಲ್ಲಿ ಅತ್ತೆ ಕೆಮ್ಮಿನ ಔಷಧಿ ಎಂದು ಮೊಣಕಾಲಿಗೆ ಹಚ್ಚುವ ಎಣ್ಣೆ ಕುಡಿಯಲು ಹೋಗುತ್ತಾಳೆ; ಸೊಸೆ ಸೀಸೆಯ ಮೇಲಿನ ಚೀಟಿ ಓದಿ, ಅಡುಗೆಮನೆಯಿಂದ ಹಾರಿ ಬಂದು, ಬಾಯಿಯ ಹತ್ತಿರದಿಂದ ಕಿತ್ತುಕೊಳ್ಳುತ್ತಾಳೆ. ಆ ದಿನ ಆಯಿ ಕೈಯಲ್ಲಿದ್ದ ಬೀಡಿ ಬಿಟ್ಟು ಕೆನ್ನೆ ಮುಟ್ಟಿಕೊಂಡಳು. ಇನ್ನೊಂದು ದಿನ ಸೊಸೆ ಕಳ್ಳನನ್ನು ಹಿಡಿದಳು. ಮತ್ತೊಂದು ದಿನ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದ ಮಗುವನ್ನು ತಾಯಿಗೆ ತಲುಪಿಸಿ, ಇಬ್ಬರಿಗೂ ಗೋಲಿ ಸೋಡಾ ಕುಡಿಸಿದಳು. ನೂರು ವರ್ಷದ ಹಿಂದೆ ಅಲ್ಲಿ ಬಸ್ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಬಸ್ಸು ಯಾವಾಗಲೂ ತಡವಾಗಿ ಬರುವುದರಿಂದ ಬಹುಶಃ ಅದು ಆಗಲೇ ಹೊರಟಿತ್ತು ಅಂದುಕೊಂಡಿರಬೇಕು.

ಆಯಿ ಆ ಸೊಸೆಯನ್ನು ದತ್ತು ತೆಗೆದುಕೊಂಡುಬಿಟ್ಟಳು. “ನಮ್ಮ ಸೊಸಿ ಇವತ್ತ ಏನ ಮಾಡತಾಳ?” ಅಂತ ಊಟ ಮುಗಿಯುವ ಮೊದಲೇ ಕಟ್ಟೆಗೆ ಬಂದು ಕೂರುತ್ತಿದ್ದಳು. ಮನೆಯಲ್ಲಿ ಜೀವಂತ ಓಡಾಡುವ ಸೊಸೆ ಅವ್ವ. ಅವಳನ್ನು ಆಯಿ ಹೊಗಳಿದ್ದನ್ನು ಕೇಳಿದವರು ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ.

“ನಾನೂ ಹೋಗಿ ಆ ಪುಸ್ತಕದಾಗ ಕುಂಡ್ರತೇನಿ,” ಅಂದಳು ಅವ್ವ ಕಾಕುವಿನ ಕಿವಿಯಲ್ಲಿ. “ಅಲ್ಲೆರ ಮರ್ಯಾದಿ ಸಿಗತದೇನೋ.”

ಹದ ಬಂದಿದೆ ಅನ್ನಿಸಿದ ದಿನ ನಾನು ನಿಧಾನವಾಗಿ ಕೇಳಿದೆ: “ಆಯಿ, ಸೊಸಿ ಕಲತದ್ದ ಎಷ್ಟ ಚಲೋ ಆತಲ್ಲ?”

“ಹೂಂ ಮತ್ತ. ಭಾಳ ಚಲೋ ಆತು.”

“ಹಂಗಾರ ಅಕ್ಕಾನೂ...”

“ನಮ್ಮ ಸೊಸಿ ಲಗ್ನಾ ಆದಮ್ಯಾಲ ಕಲತಾಳ. ಗಂಡ ಕಲಸ್ಯಾನ. ನಿಮ್ಮಕ್ಕನೂ ಐಗಳಿಗೆ ಹೋಗಿ ಕಲೀಲಿ. ಬ್ಯಾಡ ಅಂದವರ ಯಾರ?”

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮೀಸೆ ಫಸ್ಟ್ ಕ್ಲಾಸ್ ಅಕ್ಕನಿಗೆ ಕಲಿಸುವುದನ್ನು ನಾನು ಕಣ್ಣಮುಂದೆ ತಂದುಕೊಂಡೆ. ಒಳಗೆ ಅಕ್ಕ ಮತ್ತೆ ತಂಬಿಗೆ ಎತ್ತಿಕೊಂಡ ಸದ್ದು ಕೇಳಿತು.

ಅಷ್ಟರಲ್ಲಿ ಇನ್ನೊಂದು ಭಾನಗಡಿ. ವಾರದ ಬೀಡಿ ತೆಗೆದುಕೊಳ್ಳುವ ಮುಕಾದಮ ನಮ್ಮ ಕಟ್ಟೆಯವರ ಬೀಡಿಗಳನ್ನು ಬೆಳಕಿಗೆ ಹಿಡಿದು ನೋಡಿ ತಲೆ ಚಚ್ಚಿಕೊಂಡ. ಕಳ್ಳ ಸಿಕ್ಕ ದಿನದ ಬೀಡಿಗಳು ಸೂಜಿಯಂತೆ ಬಿಗಿ. ಮಗು ಕಳೆದುಹೋದ ದಿನದವು ಬದನೆಕಾಯಿಯಂತೆ ದಪ್ಪ, ತುಂಬಿದ ತಂಬಾಕು ಅರ್ಧ ಹೊರಗೆ. ಸರಿಯಿಲ್ಲದ ಬೀಡಿಗೆ ನಮ್ಮಲ್ಲಿ ಒಂದೇ ನಿಯಮ: ಯಾರು ಕಟ್ಟಿದ್ದರೋ ಅವರಿಗೇ ವಾಪಸ್. ಅವರೇ ಬಿಚ್ಚಬೇಕು, ಅವರೇ ಮತ್ತೆ ಕಟ್ಟಬೇಕು. ಗೊಣಗುವಂತಿಲ್ಲ. ಹೆಂಗಸರೆಲ್ಲ ಬಿಚ್ಚಿ ಕಟ್ಟುತ್ತಾ ನನ್ನನ್ನು ಬೈದರು.

“ಕತಿ ಜರಾ ಮೆತ್ತಗ ಹೇಳ ಬೇ,” ಅಂದಳು ಕಾಕು. “ನಿನ್ನ ಕಳ್ಳನ ಕಾಲಾಗ ನಮ್ಮ ಅರ್ಧಾ ಮೊರಾ ಬೀಡಿ ವಾಪಸ್ ಬಂತು.”

ಇಷ್ಟು ಪ್ರಭಾವ ಇರುವ ಸಾಹಿತಿ ನಮ್ಮ ತಾಲೂಕಿನಲ್ಲಿ ನನ್ನನ್ನು ಬಿಟ್ಟರೆ ಯಾರು ಅಂತ ನಾನು ಒಳಗೊಳಗೆ ಹಿಗ್ಗಿದೆ. ಆ ಹಿಗ್ಗಿನಲ್ಲೇ ಓಣಿಯ ಹುಡುಗಿಯರೊಂದಿಗೆ ಪಂಥ ಕಟ್ಟಿ ಐಸ್‌ಕ್ಯಾಂಡಿ ತಿಂದೆ. ಗೆದ್ದೆ. ಮರುದಿನ ಗಂಟಲು ಕಟ್ಟಿ ದನಿ ಪೂರಾ ಹೋಯಿತು. ಬಾಯಿ ತೆರೆದರೆ ಸೈಕಲ್ ಟ್ಯೂಬಿನ ಗಾಳಿ ಬರುತ್ತಿತ್ತು.

ಆಯಿಗೆ ತಡೆಯಲಾಗಲಿಲ್ಲ. “ಇಕಿ ಗಂಟಲ ಬರೂತನಕ ನಮ್ಮ ಸೊಸಿ ಕಾಯಬೇಕೇನ? ಏ ಹಿರೀ ಹುಡುಗಿ, ನೀ ಬಂದ ಓದು.”

ಅಕ್ಕ ಕೈ ಒರೆಸಿಕೊಂಡು ಬಂದಳು. ಅವಳು ಇದ್ದದ್ದನ್ನು ಇದ್ದಂತೆಯೇ ಓದುವವಳು. ಚಿಕ್ಕವಳಿದ್ದಾಗ ಪಾಠದ ಜೊತೆ ಪುಟದ ಸಂಖ್ಯೆಯನ್ನೂ ಓದುತ್ತಿದ್ದವಳು. ನಾನು ಆಯಿಯ ಬೆನ್ನ ಹಿಂದೆ ನಿಂತು ಕೈ ಬೀಸಿದೆ, ತಲೆ ಅಲ್ಲಾಡಿಸಿದೆ, ಕತ್ತು ಕೊಯ್ದಂತೆ ಮಾಡಿ ತೋರಿಸಿದೆ. ಅಕ್ಕ ನನಗೆ ಜ್ವರ ಏರಿದೆ ಅಂದುಕೊಂಡು, “ಹೋಗಿ ಮಲಕೋ” ಅಂದು, ನಾನು ಗುರುತಿಟ್ಟು ನಿಲ್ಲಿಸಿದ್ದ ಕೊನೆಯ ಅಧ್ಯಾಯ ತೆಗೆದಳು.

ಕೊನೆಯ ಅಧ್ಯಾಯ ಹೀಗಿತ್ತು. ತವರಿನಲ್ಲಿ ತಾಯಿಗೆ ಸೀರಿಯಸ್ ಅಂತ ಸುದ್ದಿ ಬರುತ್ತದೆ. ಸೊಸೆ ಯಾರನ್ನೂ ಕೇಳದೆ ಒಬ್ಬಳೇ ರೈಲು ಹತ್ತಿ ಹೋಗಿ ತಾಯಿಯ ಮುಖ ನೋಡಿ ಬರುತ್ತಾಳೆ. ಮರಳಿ ಬಂದಾಗ ಅತ್ತೆ ಒಳಗಿನಿಂದ ಅಗಳಿ ಹಾಕಿರುತ್ತಾಳೆ. ಸೊಸೆ ಗಂಟು ಹಿಡಿದು ಬಾಗಿಲ ಹೊರಗೆ ನಿಂತಿದ್ದಾಳೆ. ಬರೆದವನು ಮತ್ತೆ ಕೋಲೂರಿಕೊಂಡು ಬಂದು, ರೈಲಿನ ಹೆಸರು ಓದಲು ಬಾರದಿದ್ದರೆ ಇವಳು ಮನೆಯಲ್ಲೇ ಇರುತ್ತಿದ್ದಳು ಅಂತ ಹೇಳಿ, ಅವಳನ್ನು ಅಲ್ಲೇ ನಿಲ್ಲಿಸಿ ಕಾದಂಬರಿ ಮುಗಿಸಿದ್ದಾನೆ.

ಕಟ್ಟೆಯ ಮೇಲೆ ಒಂದು ಕೈಯೂ ಅಲುಗಲಿಲ್ಲ.

“ತಡಿ,” ಅಂದಳು ಆಯಿ. “ಅಗಳಿ ಹಾಕ್ದಾಕಿ ಯಾರು? ಸೊಸಿ ಸೀಸೆ ಓದಿ ಜೀವಾ ಉಳಸಿದ್ಲಲ್ಲ, ಆ ಅತ್ತೀನ?”

“ಯಾ ಸೀಸೆ ಆಯಿ? ಇದರಾಗ ಸೀಸೆ ಇಲ್ಲ.”

“ಕಳ್ಳ?”

“ಇಲ್ಲ.”

“ನಿಪ್ಪಾಣಿ ಬಸ್‌ಸ್ಟ್ಯಾಂಡ್?” ಅಂದಳು ಕಾಕು, ಆಸೆ ಬಿಡದೆ. “ಸೋಡಾ?”

“ಇಲ್ಲ ಕಾಕೂ.”

ಎಲ್ಲ ಮುಖಗಳೂ ನನ್ನತ್ತ ತಿರುಗಿದವು. ಜೀವನದಲ್ಲಿ ಮೊದಲ ಸಲ ಉತ್ತರ ನಾಲಿಗೆಯ ತುದಿಯಲ್ಲಿದ್ದೂ ದನಿ ಇರಲಿಲ್ಲ. ಕೈ ಮುಗಿದೆ. ಅವ್ವನಿಗೆ ಮೊದಲು ನಗೆ ಬಂತು. ಮೊರ ಹಾರಿಬಿದ್ದು ತಂಬಾಕು ಚೆಲ್ಲಿ, ಎಲ್ಲರೂ ಸೀನುತ್ತಾ ನಗುತ್ತಾ ಕಣ್ಣೀರು ಒರೆಸಿಕೊಂಡರು. ಆಯಿ ಮಾತ್ರ ನಗಲಿಲ್ಲ.

“ಇಷ್ಟ ದಿನಾ ನೀನ ಕಟ್ಟಿ ಹೇಳಿದಿ?”

ತಲೆ ಆಡಿಸಿದೆ.

“ನಿಂದ ಬರೋಬರಿ ಐತಿ,” ಅಂದಳು ಆಯಿ. “ಅವಂದ ಬರೋಬರಿ ಇಲ್ಲ. ಹಡದ ತಾಯಿನ್ನ ನೋಡಾಕ ಹೋದಾಕಿನ್ನ ಬಾಗಲಾ ಹಾಕಿ ಹೊರಗ ನಿಂದರಿಸ್ತಾನ? ಯಾವ ಊರವ ಇಂವ? ವಾಪಸ್ ಕೊಡ್ರಿ ಅವನ ಪುಸ್ತಕಾ. ಬಿಚ್ಚಿ ಮತ್ತ ಬರೀಲಿ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಜೀವಮಾನವಿಡೀ ಕೆಟ್ಟ ಬೀಡಿ ಕಟ್ಟಿದವರ ಕೈಗೇ ಮರಳುವುದನ್ನು ನೋಡಿದವಳಿಗೆ, ಕೆಟ್ಟ ಕಥೆಯೂ ಬರೆದವನಿಗೆ ಮರಳಬೇಕು ಅನ್ನುವುದರಲ್ಲಿ ಸಂಶಯವೇ ಇರಲಿಲ್ಲ. ಅದೇ ಹೊತ್ತಿಗೆ ಅಪ್ಪ ಡ್ಯೂಟಿ ಮುಗಿಸಿ ಬಂದ. ಚಪ್ಪಲಿ ಬಿಡಲೂ ಬಿಡದೆ ಆಯಿ ಅವನ ಕೈಗೆ ಪುಸ್ತಕ ಕೊಟ್ಟಳು.

“ನಿನ್ನ ಬಸ್ಸ ಎಲ್ಲಾ ಊರಿಗೂ ಹೋಗತದಲ್ಲ. ಇಂವನ ಊರಾಗ ಇಳದು ಕೊಟ್ಟ ಬಾ. ನಾ ಹೇಳೀನಂತ ಹೇಳು.”

ಅಪ್ಪ ಮೊದಲ ಪುಟ ನೋಡಿದ. “ಯವ್ವಾ, ಇಂವಾ ಸತ್ತ ಭಾಳ ವರ್ಷ ಆಗಿರಬೇಕು. ಅಲ್ಲೀತನಕ ನಂದ ರೂಟ್ ಇಲ್ಲ.”

ಆಯಿ ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿದಳು. “ಕಟ್ಟಿದಾಕಿ ಇಲ್ಲಂದ್ರ ಅಕಿ ಮನಿಯವರು ಬಿಚ್ಚಿ ಕಟ್ಟತಾರ. ಇಂವನ ಮನಿಯವರ ಯಾರು?”

“ಓದೂದು ಬರಿಯೂದು ಬಲ್ಲವರ ಅವನ ಮನಿಯವರು, ಮತ್ಯಾರ?” ಅಂದಳು ಕಾಕು.

ಆಯಿಯ ಕಣ್ಣು ನನ್ನ ಮೇಲೆ ಬಂತು. ನಾನು ಬೆನ್ನು ನೆಟ್ಟಗೆ ಮಾಡಿ, ಜಡೆ ಮುಂದೆ ಹಾಕಿಕೊಂಡು ಸಿದ್ಧಳಾದೆ. ಕಣ್ಣು ನನ್ನನ್ನು ದಾಟಿ ಮುಂದೆ ಹೋಯಿತು.

“ಇಕಿ ಕೈಯಾಗ ಕೊಟ್ರ ಸೊಸಿ ಇಮಾನ ಹಾರಸ್ತಾಳ,” ಅಂದಳು. “ನೀ ಬರೀತೀಯೇನ ಹಿರೇಕಿ? ಅಕಿನ್ನ ಒಳಗ ಕರಕೊಂಡ ಬಾ, ಅಷ್ಟ.”

ಅಕ್ಕ ಅಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದಳು. ಅವಳ ಮುಖ ನೋಡಿದರೆ ಯಾವತ್ತಿನಂತೆ ಸಪ್ಪಗೆ. ಆದರೆ ಮಾತು ಬಂತು ನೋಡಿ!

“ಬರೀತೇನಿ ಆಯಿ. ಆದರ ಇದು ದೊಡ್ಡ ಭಾಷಾ. ಹತ್ತನೇ ಇಯತ್ತೆ ಕಲತವರಿಗಿ ಬರೂದಿಲ್ಲ. ಇದಕ ಕಾಲೇಜ ಬೇಕು.”

ನನ್ನ ದನಿ ಇದ್ದಿದ್ದರೆ ಅಲ್ಲೇ ಜಯಕಾರ ಹಾಕುತ್ತಿದ್ದೆ. ಇಷ್ಟು ವರ್ಷ ನಾನೇ ಮನೆಯ ಕಿಲಾಡಿ ಅಂದುಕೊಂಡಿದ್ದೆ. ಪಾತ್ರೆ ತಿಕ್ಕುತ್ತಾ ಕೂತಾಕೆ ಒಂದೇ ಮಾತಿನಲ್ಲಿ ನನ್ನ ಇಡೀ ಬೇಸಿಗೆಯನ್ನು ದಾಟಿಬಿಟ್ಟಳು. ಆಯಿ ಒಂದು ಬೀಡಿ ಕಟ್ಟಿದಳು. ಮತ್ತೊಂದು ಕಟ್ಟಿದಳು. ಅಪ್ಪ ಚಪ್ಪಲಿಯಲ್ಲೇ ನಿಂತಿದ್ದ.

“ಐಗಳಿಯವರಿಗಿ ಏನ ಹೇಳೂದು?” ಅಂದಳು ಆಯಿ, ತನ್ನನ್ನೇ ಕೇಳಿಕೊಂಡಂತೆ.

ಆಗ ಅವ್ವ ಬಾಯಿ ತೆರೆದಳು. ಊಟದ ಹೊತ್ತಲ್ಲ, ಆದರೂ ತೆರೆದಳು. “ಹುಡುಗಿ ಒಂದ ಕೆಲಸಾ ಹಿಡದಾಳ, ಮುಗಿಸಿ ನೋಡೂನಂತ ಹೇಳ್ರಿ ಅತ್ತಿ.”

ಆಯಿ ಸೊಸೆಯನ್ನು, ಅಂದರೆ ಮನೆಯ ಸೊಸೆಯನ್ನು, ಮೇಲಿಂದ ಕೆಳಗೆ ನೋಡಿದಳು. “ಇಕಿಗೂ ಮಾತ ಬರತಾವ,” ಅಂದಳು. ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಅದನ್ನು ಹೊಗಳಿಕೆ ಅಂತಲೇ ಬರೆದುಕೊಳ್ಳಬೇಕು.

ಶಾಲೆ ಶುರುವಾದ ಮೇಲೆ ನಾನು ಇತಿಹಾಸದ ಮಾಸ್ತರನ್ನು ಹಿಡಿದು ತಕರಾರು ಮಾಡಿದೆ: ಕಾದಂಬರಿಗಳಿಂದ ಸಮಾಜ ಸುಧಾರಿಸಿತು ಅಂದಿರಿ, ಶಾಲೆಯಿಂದ ನನಗೆ ಬಹುಮಾನ ಬಂದದ್ದು ಎಂಥ ಪುಸ್ತಕ? ಅವರು ಕಥೆಯೆಲ್ಲ ಕೇಳಿ ಕುರ್ಚಿ ಹಿಡಿದು ನಕ್ಕರು. “ಆ ಕಾಲದಾಗ ಒಬ್ಬಂವ ಕಲಸ್ರಿ ಅಂತ ಬರದ್ರ ಇನ್ನೊಬ್ಬಂವ ಕಲಸಬ್ಯಾಡ್ರಿ ಅಂತ ಬರೀತಿದ್ದ. ಮಂದಿ ಎರಡೂ ಓದಿ ಕಟ್ಟಿಮ್ಯಾಲ ಕುಂತ ಜಗಳಾ ತಗೀತಿದ್ರು. ಬದಲಾದದ್ದು ಆ ಜಗಳದಾಗ. ನಿಮ್ಮ ಆಯೀದು ಜರಾ ತಡಾ ಆಗೇತಿ, ಅಷ್ಟ.”

ಕಾಲೇಜಿನ ಮೊದಲ ದಿನ ಅಕ್ಕನ ಜೊತೆ ಆಯಿಯೂ ಹೊರಟಳು, ಬಾಲವಾಗಿ ನಾನು. ಬಸ್ಸಿನಲ್ಲಿ ಗಂಡು ಹುಡುಗರೆಲ್ಲ ಆಯಿಯನ್ನು ನೋಡಿ ತಾವಾಗಿಯೇ ಹಿಂದಿನ ಸೀಟಿಗೆ ಹೋದರು. ಚಿಕ್ಕೋಡಿಯಲ್ಲಿ ಇಳಿದು, ಕಾಲೇಜಿನ ಗೇಟು ದಾಟಿ, ಆಯಿ ಸೀದಾ ಸ್ಟಾಫ್ ರೂಮಿನ ಒಳಗೆ ನುಗ್ಗಿದಳು. ಅಕ್ಕ ಸೆರಗು ಹಿಡಿದು ಎಳೆದದ್ದು ಉಪಯೋಗವಾಗಲಿಲ್ಲ.

“ಕನ್ನಡಾ ಕಲಸವರ ಯಾರ್ರಿ ಇಲ್ಲಿ?”

ಕನ್ನಡಕದ ಒಬ್ಬ ಪ್ರೊಫೆಸರು ಚಹಾದ ಕಪ್ಪು ಹಿಡಿದೇ ಎದ್ದುನಿಂತರು. ಆಯಿ ಅಕ್ಕನನ್ನು ಅವರ ಮುಂದೆ ನಿಲ್ಲಿಸಿದಳು.

“ಇಕಿಗಿ ಜರಾ ಲಗೂನ ಕಲಸ್ರೀ ಯಪ್ಪಾ. ಪಾಪ, ಒಬ್ಬಾಕಿ ಬಾಗಲದಾಗ ಗಂಟ ಹಿಡಕೊಂಡ ನಿಂತಾಳ್ರಿ.”

ಪ್ರೊಫೆಸರು ಕಪ್ಪು ಕೆಳಗಿಟ್ಟು, ನಮ್ಮ ತಲೆಗಳ ಮೇಲಿಂದ ಕತ್ತು ಚಾಚಿ, ಬಾಗಿಲ ಕಡೆ ನೋಡಿ, “ಬರ್ರಿ ತಂಗಿ, ಒಳಗ ಬರ್ರಿ,” ಅಂದರು.